ಹುಟ್ಟು ಹಿಡಿದವರ ವಯಸ್ಸು

ಸರ್ಕಾರದ ಇಲಾಖೆಯ ಪತ್ರದ ಜೊತೆ ಬಂದ ಪಟ್ಟಿಯಲ್ಲಿ ಮೂವತ್ತೇಳು ಮಕ್ಕಳಿದ್ದರು. ಮೊದಲನೆಯ ಮಗುವಿಗೆ ಮೂರು ದಿನ, ಕೊನೆಯದಕ್ಕೆ ಹದಿನೇಳು ವರ್ಷ. ಒಂಬತ್ತನೆಯ ಸಾಲಿನಲ್ಲಿದ್ದ ನಾಲ್ಕು ವರ್ಷದ ಮಗು ಆ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡು, ಒಂದೇ ಬೆರಳಿನಲ್ಲಿ ಕೀಲಿಮಣೆ ಒತ್ತುತ್ತಿತ್ತು. ಆ ಮಗುವಿಗೆ ಎಪ್ಪತ್ತೊಂಬತ್ತು ತುಂಬಿ ಎರಡು ತಿಂಗಳಾಗಿತ್ತು. ಅದು ಅಕ್ಕನ ಅತ್ತೆ.

ಅಕ್ಕನೆಂದರೆ ಕನ್ನಡಕದ ಅಕ್ಕ; ಬೀದಿಯವರೆಲ್ಲ ಕರೆಯುತ್ತಿದ್ದುದು ಹಾಗೆಯೇ. ಇಪ್ಪತ್ತೆರಡು ವರ್ಷಗಳಿಂದ ಅದೇ ಅಂಗಡಿ, ಅದೇ ಸಾಣೆಯಂತ್ರ, ಗಿರಾಕಿಗಳಿಗೆ ಅದೇ ಎತ್ತರದ ಮರದ ಕುರ್ಚಿ. ಬಂದವರನ್ನು ಕೂರಿಸಿ, ಮೂಗಿನ ಮೇಲೆ ಪುಟ್ಟ ಅಳತೆಪಟ್ಟಿಯಿಟ್ಟು, ಒಂದು ಕಣ್ಣುಪಾಪೆಯ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳುವುದು ಅವಳ ಕೆಲಸದ ಮೊದಲ ಹೆಜ್ಜೆ. ಅರವತ್ತೊಂದೂವರೆ ಇದ್ದರೆ ಅರವತ್ತೊಂದೂವರೆ. ಅರವತ್ತೆರಡೆಂದು ಬರೆದರೆ ಗಾಜು ಕತ್ತರಿಸುವುದು ಸುಲಭವಾಗುತ್ತಿತ್ತು, ಅವಳು ಬರೆದವಳಲ್ಲ. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿರುತ್ತಿದ್ದ. ಉಳಿದ ಹತ್ತು ತಿಂಗಳು ಮನೆಯೆಂದರೆ ಅತ್ತೆ, ಸೊಸೆ ಇಬ್ಬರೇ.

ಒಂಬತ್ತು ವರ್ಷಗಳ ಹಿಂದೆ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಪುಸ್ತಕ ನೋಡಿ ಕಲಿತು, ಅಕ್ಕ ಕಂಪ್ಯೂಟರಿನಲ್ಲಿ ಒಂದು ಆಟ ಕಟ್ಟಿದ್ದಳು. ತೆರೆಯ ಮೇಲೊಂದು ಕೆರೆ, ಕೆರೆಯಲ್ಲಿ ನಲವತ್ತು ನಡುಗಡ್ಡೆ, ಆಡುವವರಿಗೆ ತಲೆಗೊಂದು ದೋಣಿ. ನೀರಿನ ಸೆಳೆತ ಗಂಟೆಗೊಮ್ಮೆ ಬದಲಾಗುತ್ತದೆ. ಕೂಡಿ, ಕಳೆದು, ಭಾಗಿಸಿ ದಾರಿ ಗೊತ್ತು ಮಾಡಿಕೊಳ್ಳಬೇಕು. ಲೆಕ್ಕ ತಪ್ಪಿದರೆ ದೋಣಿ ಮಗುಚುತ್ತದೆ. ಚಿತ್ರಗಳು ಚೆಲುವಾಗಿರಲಿಲ್ಲ, ಸದ್ದು ಇರಲೇ ಇಲ್ಲ. ಆದರೂ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರು ಇನ್ನೂರ ಹನ್ನೆರಡು ಜನ. ಅವರು ಮಾತಾಡಿಕೊಳ್ಳಲು ತೆರೆಯ ಮೂಲೆಯಲ್ಲಿ ಒಂದಿಷ್ಟು ಜಾಗ. ಅದರ ಹೆಸರು ಕಟ್ಟೆ. ಕಟ್ಟೆಯ ಮಾತನ್ನು ದಾರಿಹೋಕರು ಯಾರು ಬೇಕಾದರೂ ಓದಬಹುದಾಗಿತ್ತು.

ಎಡವಟ್ಟಾದದ್ದು ಒಂದು ಪದದಿಂದ. ಹೊಸದಾಗಿ ಬಂದವರಿಗೆ ಆಟ ಒಂದು ಹುಟ್ಟು ಕೊಡುತ್ತಿತ್ತು, ದೋಣಿ ನಡೆಸಬೇಕಲ್ಲ. ಹುಟ್ಟು ಕೈಗೆ ಬಂದ ಮೇಲೆ ಎಷ್ಟು ಸುತ್ತು ಮುಗಿಯಿತೆಂಬುದಕ್ಕೆ ಒಂದು ಎಣಿಕೆ ಬೇಕು. ಬೇರೆ ಆಟಗಳಲ್ಲಿ ಅದಕ್ಕೆ ಲೆವೆಲ್ ಎನ್ನುತ್ತಾರೆ. ಹುಟ್ಟು ಸಿಕ್ಕಿದವರಿಗೆ ಲೆವೆಲ್ ಯಾಕೆ, ವಯಸ್ಸು ಅಂದರಾಯಿತು ಎಂದು ಅಕ್ಕನಿಗೆ ಅಂದು ಒಬ್ಬಳೇ ಕುಳಿತಲ್ಲಿ ನಗು ಬಂದಿತ್ತು. ಒಂದು ಸುತ್ತಿಗೆ ಒಂದು ವರ್ಷ. ಮಗುಚಿದರೆ ಸೊನ್ನೆ, ಹೊಸ ಹುಟ್ಟು. ಅಂದಿನಿಂದ ಕಟ್ಟೆಯಲ್ಲಿ ಇಂಥ ಮಾತುಗಳೇ: ನನಗೆ ಈಗಷ್ಟೇ ಆರು ತುಂಬಿತು, ನನ್ನ ಹುಟ್ಟು ಸಿಕ್ಕಿ ಮೂರು ದಿನ, ಯಾರಾದರೂ ಕೈ ಹಿಡಿದು ನಡೆಸಿ. ಇಲಾಖೆಯ ಯಂತ್ರ ಇದನ್ನೆಲ್ಲ ಓದಿ, ಎಣಿಸಿ, ಪಟ್ಟಿ ಮಾಡಿತ್ತು. ಮೂರು ದಿನದ ಕೂಸು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಒಂಬತ್ತು ವರ್ಷದ ಹುಡುಗ ಬಸ್ ಕಂಡಕ್ಟರು, ಅವನಿಗೆ ಮೊಮ್ಮಗಳಿದ್ದಳು. ಮೂವತ್ತೇಳರಲ್ಲಿ ಮೂವತ್ತೇಳು ಮಂದಿಯನ್ನೂ ಅಕ್ಕ ಬಲ್ಲಳು. ಒಬ್ಬರೂ ಮಕ್ಕಳಲ್ಲ.

ಹೊಸ ಕಾನೂನು ಮಾತ್ರ ಸ್ಪಷ್ಟವಾಗಿತ್ತು. ಪರಿಚಯವಿಲ್ಲದವರು ಪರಸ್ಪರ ಮಾತಾಡಬಹುದಾದ ಯಾವುದೇ ತಾಣದಲ್ಲಿ ಮಕ್ಕಳಿದ್ದರೆ, ಅಲ್ಲಿಗೆ ಬರುವ ಪ್ರತಿಯೊಬ್ಬರೂ ಒಪ್ಪಿಗೆ ಪಡೆದ ಯಂತ್ರಕ್ಕೆ ಮುಖ ತೋರಿಸಿ ವಯಸ್ಸು ದೃಢಪಡಿಸಬೇಕು. ಇಲ್ಲವೆಂದರೆ ಮಾತಾಡುವ ಜಾಗವನ್ನು ತೆಗೆದುಹಾಕಬೇಕು. ಅದೂ ಇಲ್ಲವೆಂದರೆ ತಾಣ ಮುಚ್ಚಬೇಕು. ಮೂವತ್ತು ದಿನ ಗಡುವು. ಜೊತೆಗೆ ಅರವತ್ತನಾಲ್ಕು ಪುಟದ ನಮೂನೆ. ಸುರಕ್ಷತಾ ವಿಭಾಗದ ಮುಖ್ಯಸ್ಥರು ಯಾರೆಂದು ಕೇಳಿದಲ್ಲಿ ಅಕ್ಕ ‘ನಾನು’ ಎಂದು ಬರೆದಳು. ದೂರು ಸ್ವೀಕರಿಸುವ ಸಿಬ್ಬಂದಿ ಎಷ್ಟು ಪಾಳಿಯಲ್ಲಿ ಕೆಲಸ ಮಾಡುತ್ತಾರೆಂದು ಕೇಳಿದಲ್ಲಿ, ‘ನಾನು, ಗಿರಾಕಿ ಇಲ್ಲದಾಗ’ ಎಂದು ಬರೆದಳು. ಹತ್ತೊಂಬತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಲೇಖನಿ ಹಿಡಿದ ಕೈ ಸಿಟ್ಟಿನಿಂದ ಬಿಗಿದು ನೋಯುತ್ತಿತ್ತು.

ಆಟ ಹೋದರೆ ಹೋಗಲಿ ಎಂದು ಬಿಡಬಹುದಿತ್ತು. ಆದರೆ ಮೂರು ವರ್ಷಗಳ ಹಿಂದೆ ಅತ್ತೆಗೆ ಲಕ್ವ ಹೊಡೆದಿತ್ತು. ಬಲಗೈ ಸೋತಿತು, ಮುಖದ ಬಲಭಾಗ ಜಾರಿತು, ನಾಲಿಗೆ ದಪ್ಪವಾಯಿತು. ಒಂದು ಮಾತು ಹೊರಬರಲು ಅರ್ಧ ನಿಮಿಷ. ಎದುರಿಗಿದ್ದವರು ಅಷ್ಟು ಹೊತ್ತು ಕಾಯುವುದಿಲ್ಲ. ಪಾಪ ಎಂದುಕೊಂಡು ತಾವೇ ವಾಕ್ಯ ಮುಗಿಸಿಬಿಡುತ್ತಾರೆ. ತಪ್ಪಾಗಿ ಮುಗಿಸುತ್ತಾರೆ. ಮಗ್ಗುಲ ಮನೆಯವಳು ಬಂದಾಗಲೆಲ್ಲ ಅತ್ತೆ ಹೇಳಹೊರಟದ್ದು ಒಂದು, ಅವಳು ಕೇಳಿಸಿಕೊಂಡು ಹೋದದ್ದು ಇನ್ನೊಂದು. ಕಟ್ಟೆಯಲ್ಲಿ ಹಾಗಲ್ಲ. ಅಲ್ಲಿ ಅತ್ತೆ ಒಂದೇ ಬೆರಳಲ್ಲಿ ಒತ್ತಿ ಮುಗಿಸುವವರೆಗೆ ಯಾರೂ ಅವಳ ಬಾಯಿಗೆ ಕೈ ಹಾಕುವಂತಿರಲಿಲ್ಲ. ಅಲ್ಲಿ ಅವಳು ತಮಾಷೆ ಮಾಡುತ್ತಿದ್ದಳು, ಜಗಳ ಕಾಯುತ್ತಿದ್ದಳು, ಕಂಡಕ್ಟರಿಗೆ ಮೂಲಂಗಿ ಎಂದು ಅಡ್ಡಹೆಸರಿಟ್ಟಿದ್ದಳು. ಅವಳಿಗೆ ಹುಟ್ಟು ಹಿಡಿಯಲು ಕಲಿಸಿದವನು ‘ಅಜ್ಜ’ ಎಂಬ ಹೆಸರಿನ ಆಟಗಾರ. ಎರಡು ವರ್ಷಗಳಿಂದ ಒಮ್ಮೆಯೂ ಮಗುಚದೆ ಅರವತ್ತೊಂದು ವರ್ಷ ಮುಟ್ಟಿದ್ದವನು ಇನ್ನೂರ ಹನ್ನೆರಡು ಜನರಲ್ಲಿ ಅವನೊಬ್ಬನೇ. ಅತ್ತೆಯ ದೋಣಿ ಮಗುಚಿದಾಗಲೆಲ್ಲ ಅವನು ತನ್ನ ದೋಣಿಯನ್ನು ಹತ್ತಿರ ತಂದು ನಿಲ್ಲಿಸಿ, ನಿಧಾನ, ನಾನಿಲ್ಲೇ ಇದ್ದೇನೆ ಎಂದು ಬರೆಯುತ್ತಿದ್ದ.

ಹಾಗಾಗಿ ಅಕ್ಕ ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಅತ್ತೆಯನ್ನೂ ಕರೆದುಕೊಂಡು, ಪಟ್ಟಿ ಹಿಡಿದು ಇಲಾಖೆಗೆ ಹೋದಳು. ಸಾಕ್ಷಿಗೆ ನಾಲ್ಕು ವರ್ಷದ ಮಗುವನ್ನೇ ತಂದಿದ್ದೇನೆ ಎಂದು ಬಾಗಿಲಲ್ಲಿದ್ದ ಕಾವಲುಗಾರನಿಗೆ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ.

ಅಧಿಕಾರಿ ಒಳ್ಳೆಯವನೇ. ಎದ್ದು ಅತ್ತೆಗೆ ಕುರ್ಚಿ ಸರಿಸಿದ, ನೀರು ತರಿಸಿದ. ಅಕ್ಕ ಹುಟ್ಟಿನ ಕಥೆಯನ್ನೆಲ್ಲ ಹೇಳುವಾಗ ತಲೆಯನ್ನು ಸ್ವಲ್ಪ ಓರೆಯಾಗಿಸಿಕೊಂಡು ಕೇಳಿದ, ಒಂದೆರಡು ಕಡೆ ನಕ್ಕ. ನಕ್ಕದ್ದೇ ಅಕ್ಕನಿಗೆ ಧೈರ್ಯವಾಯಿತು.

“ಹಾಗಾದ್ರೆ ಆ ಪಟ್ಟಿ ಹೊಡೆದು ಹಾಕಿ ಸಾರ್. ನಿಮಗೆ ಅರ್ಥ ಆಯ್ತಲ್ಲ.”

“ನನಗೆ ಅರ್ಥ ಆಯ್ತಮ್ಮ. ಆದ್ರೆ ಪಟ್ಟಿ ಮಾಡಿದ್ದು ನಾನಲ್ಲ, ಯಂತ್ರ. ಅದನ್ನ ತಿದ್ದೋ ಅಧಿಕಾರ ನನಗಿಲ್ಲ.”

ಆಕ್ಷೇಪಣೆ ಸಲ್ಲಿಸಲು ದಾರಿಯಿದೆ ಎಂದು ಅವನು ವಿವರಿಸಿದ. ಮೂವತ್ತೇಳು ಜನವೂ ತಾವು ಮಕ್ಕಳಲ್ಲವೆಂದು ತೋರಿಸಿದರೆ ಸಾಕು. ಹೇಗೆ ತೋರಿಸಬೇಕು? ಯಂತ್ರಕ್ಕೆ ಮುಖ ಕೊಡಬೇಕು. ಮುಖ ಕೊಡುವುದು ಬೇಡವೆಂದೇ ತಾನು ಬಂದಿರುವಾಗ, ಮುಖ ಕೊಡಬಾರದೆಂದು ಹೇಳಲು ಮುಖ ಕೊಡಬೇಕೆ ಎಂದು ಅಕ್ಕ ಕೇಳಿದಳು. ಅಧಿಕಾರಿ ಮೂಲೆಯಲ್ಲಿದ್ದ ಮಾದರಿ ಯಂತ್ರದ ಕಡೆ ಕೈ ತೋರಿಸಿದ. ಅಜ್ಜಿಯದ್ದನ್ನು ಈಗಲೇ ಮುಗಿಸಿಬಿಡೋಣ, ಒಂದು ಕಡಿಮೆಯಾಯಿತಲ್ಲ ಎಂದ.

ಅತ್ತೆ ಯಂತ್ರದ ಮುಂದೆ ಕುಳಿತಳು. ಯಂತ್ರ ಅವಳ ಜಾರಿದ ರೆಪ್ಪೆಯನ್ನೂ, ಸೊಟ್ಟ ತುಟಿಯನ್ನೂ ಬಹಳ ಹೊತ್ತು ನೋಡಿತು. ಮುಖ ಕಂಡುಬಂದಿಲ್ಲ ಎಂದು ತೆರೆಯ ಮೇಲೆ ಬರೆಯಿತು. ಇನ್ನೊಮ್ಮೆ ನೋಡಿಸಿದರು. ಮುಖ ಕಂಡುಬಂದಿಲ್ಲ. ಅಧಿಕಾರಿ ಕಿಟಕಿಯ ಪರದೆ ಸರಿಸಿ ಬೆಳಕು ಬಿಟ್ಟ. ಮೂರನೆಯ ಸಲವೂ ಅದೇ. ಅತ್ತೆ ಸೊಸೆಯ ಕಡೆ ತಿರುಗಿದಳು. ಬಾಯಿ ತೆರೆದು, ಮಾತನ್ನು ಒಳಗಿನಿಂದ ಎಳೆದು ತರಲು ಅವಳಿಗೆ ಅರ್ಧ ನಿಮಿಷ ಹಿಡಿಯಿತು. ಈ ಸಲ ಯಾರೂ ವಾಕ್ಯ ಮುಗಿಸಲು ಹೋಗಲಿಲ್ಲ.

“ನಾನು… ಬಂದಿಲ್ವೇನೇ?”

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಆದರೆ ಅವಳು ದನಿ ಏರಿಸುವವಳಲ್ಲ. ಅಧಿಕಾರಿಯ ಮುಖವನ್ನೇ ನೋಡುತ್ತ ಅವಳು ಕೇಳಿದಳು:

“ಸಾರ್, ನಿಮಗೆ ಸಂಜೆ ಹೊತ್ತಿಗೆ ತಲೆ ನೋಯುತ್ತಾ?”

“ನೋಯುತ್ತೆ. ಯಾಕೆ?”

“ನಿಮ್ಮ ಕನ್ನಡಕ ಮೂರು ಮಿಲಿಮೀಟರ್ ತಪ್ಪಾಗಿದೆ. ಅದಕ್ಕೇ ತಲೆ ಓರೆ ಮಾಡ್ತೀರಿ. ಮೂರು ಮಿಲಿಮೀಟರಿಗೆ ನಿಮ್ಮ ತಲೆ ಸಿಡಿಯುತ್ತೆ. ಈ ಯಂತ್ರ ಮೂರು ವರ್ಷ ಆಚೆ ಈಚೆ ಹೇಳಬಹುದು ಅಂತ ಗೋಡೆ ಮೇಲೆ ನೀವೇ ಬರೆದು ಹಾಕಿದ್ದೀರಿ. ಅದು ಯಾರಿಗೂ ನೋಯಲ್ವಾ?”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕನ್ನಡಕವಿಲ್ಲದೆ ಅವನು ಇನ್ನೂ ದಣಿದವನಂತೆ ಕಂಡ. ತನ್ನ ತಂಗಿಯ ಮಗಳಿಗೆ ಹದಿಮೂರು ಎಂದು ಹೇಳಿದ. ಕೋಟಿಗಟ್ಟಲೆ ಜನ ಆಡುವ ಒಂದು ಆಟದಲ್ಲಿ ಅವಳಿಗೆ ಗೆಳತಿಯೊಬ್ಬಳು ಸಿಕ್ಕಿದ್ದಳು; ಆ ಗೆಳತಿ ಗೆಳತಿಯಾಗಿರಲಿಲ್ಲ, ನಲವತ್ತು ದಾಟಿದ ಗಂಡಸು. ಹುಡುಗಿ ಈಗ ಶಾಲೆಗೆ ಹೋಗುತ್ತಿಲ್ಲ, ಕೋಣೆಯ ಕಿಟಕಿ ತೆರೆಯಲು ಬಿಡುವುದಿಲ್ಲ. ಕಾನೂನು ಸುಮ್ಮನೆ ಬಂದದ್ದಲ್ಲಮ್ಮ ಎಂದ.

ಅಕ್ಕ, ಆ ಆಟ ಈಗಲೂ ನಡೆಯುತ್ತಿದೆಯೇ ಎಂದು ಕೇಳಿದಳು.

“ನಡೀತಿದೆ. ಅವರಿಗೆ ನೂರು ಜನ ವಕೀಲರಿದ್ದಾರೆ.”

“ನನಗೆ ಅತ್ತೆ ಇದ್ದಾರೆ,” ಎಂದಳು ಅಕ್ಕ.

ಅಧಿಕಾರಿ ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನ ಕೆಳಖಾನೆಯಿಂದ ಒಂದೇ ಪುಟದ ಕಾಗದ ತೆಗೆದ. ಪ್ರಮಾಣಪತ್ರ. ನನ್ನ ತಾಣದಲ್ಲಿ ಮಕ್ಕಳು ಒಬ್ಬರೂ ಇಲ್ಲವೆಂದು ನನ್ನ ತಿಳಿವಳಿಕೆಯ ಮಟ್ಟಿಗೆ ದೃಢೀಕರಿಸುತ್ತೇನೆ, ಎಂದಷ್ಟೇ. ಸಹಿ ಬಿದ್ದರೆ ಪಟ್ಟಿ ಕಡತದೊಳಗೆ ಹೋಗುತ್ತದೆ, ಕಡತ ಕಪಾಟಿನೊಳಗೆ ಹೋಗುತ್ತದೆ, ಕಟ್ಟೆ ಇದ್ದ ಹಾಗೆಯೇ ಇರುತ್ತದೆ. ಅಕ್ಕ ಲೇಖನಿ ಎತ್ತಿಕೊಂಡಳು. ಮೂವತ್ತೇಳು ಜನರ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಇನ್ನೂರ ಹನ್ನೆರಡರಲ್ಲಿ ಮೂವತ್ತೇಳು ಕಳೆದರೆ ನೂರ ಎಪ್ಪತ್ತೈದು ಉಳಿಯುತ್ತದೆ. ಲೇಖನಿ ಕಾಗದದ ಮೇಲೆ ನಿಂತಿತು.

“ಮಿಕ್ಕವರನ್ನ ಒಂದು ಮಾತು ಕೇಳಿ ಬರ್ತೀನಿ ಸಾರ್.”

“ಕೇಳಬೇಡಿ ಅಂತಾನೇ ನಾನು ಹೇಳ್ತಿರೋದು,” ಎಂದ ಅಧಿಕಾರಿ.

ಅವಳು ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದಳು. ಮಧ್ಯಾಹ್ನವೇ ಕಟ್ಟೆಯಲ್ಲಿ ನಡೆದದ್ದನ್ನೆಲ್ಲ ಬರೆದಳು. ಕಟ್ಟೆ ನಗೆಯಲ್ಲಿ ಮುಳುಗಿಹೋಯಿತು. ಹಲ್ಲಿನ ಡಾಕ್ಟರು ತನಗೆ ಹಾಲು ಕುಡಿಸುವವರು ಯಾರೆಂದು ಕೇಳಿದರು. ಕಂಡಕ್ಟರು ತನಗೆ ಇನ್ನು ಅರ್ಧ ಟಿಕೆಟ್ ಸಾಕೆಂದ. ಮೂಲಂಗಿಗೆ ಟಿಕೆಟ್ ಇಲ್ಲ, ಚೀಲಕ್ಕೆ ಹಾಕಿ ಒಯ್ಯಬಹುದು ಎಂದು ಅತ್ತೆ ಐದು ನಿಮಿಷ ತೆಗೆದುಕೊಂಡು ಒತ್ತಿದಳು. ಅತ್ತೆಗೆ ನಗುವಾಗ ಒಂದೇ ಕೆನ್ನೆ ಏಳುತ್ತಿತ್ತು. ಒಬ್ಬೊಬ್ಬರಾಗಿ ತಮ್ಮ ನಿಜವಾದ ವಯಸ್ಸು ಹೇಳಿದರು; ಮೂವತ್ತೈದು, ಐವತ್ತೆರಡು, ನಲವತ್ತೇಳು. ಎರಡು ದಿನದಲ್ಲಿ ಅಕ್ಕ ನೂರ ಎಪ್ಪತ್ತನಾಲ್ಕು ಉತ್ತರಗಳನ್ನು ಎಣಿಸಿದಳು.

ನೂರ ಎಪ್ಪತ್ತೈದನೆಯದು ಕಟ್ಟೆಗೆ ಬರಲಿಲ್ಲ. ಅವಳೊಬ್ಬಳಿಗೇ ಬಂತು. ಕಳಿಸಿದವನು ಅಜ್ಜ.

ನನಗೆ ನಿಜವಾಗ್ಲೂ ಹನ್ನೆರಡು, ಎಂದಿತ್ತು ಅದರಲ್ಲಿ. ನಾನು ಹುಡುಗಿ. ಅಜ್ಜ ಅಂತ ಹೆಸರಿಟ್ಟುಕೊಂಡರೆ ದೊಡ್ಡವರು ನನ್ನ ಲೆಕ್ಕ ನಂಬುತ್ತಾರೆ ಅಂತ ಇಟ್ಟುಕೊಂಡೆ. ಸುಳ್ಳು ಹೇಳಬೇಕು ಅಂತ ಅಲ್ಲ. ನಾನು ಉಗ್ಗುತ್ತೀನಿ, ಕ್ಲಾಸಿನಲ್ಲಿ ಯಾರೂ ಕಾಯಲ್ಲ. ನಾಲ್ಕು ವರ್ಷದ ಅಜ್ಜಿಗೆ ಮಾತ್ರ ಹೇಳಬೇಡಿ, ಅವರು ನನ್ನನ್ನ ದೊಡ್ಡವನು ಅಂದುಕೊಂಡಿದ್ದಾರೆ.

ಅಕ್ಕ ಸಾಣೆಯಂತ್ರ ನಿಲ್ಲಿಸಿದಳು. ಅಂಗಡಿಯ ಬಾಗಿಲಿಗೆ ‘ಊಟಕ್ಕೆ ಹೋಗಿದ್ದೇನೆ’ ಎಂಬ ಹಲಗೆ ತಗುಲಿಸಿ, ಎರಡು ವರ್ಷಗಳಲ್ಲಿ ಅಜ್ಜನಿಗೂ ಉಳಿದವರಿಗೂ ನಡುವೆ ನಡೆದ ಮಾತುಗಳನ್ನು ಮೊದಲಿನಿಂದ ಓದಿದಳು. ಸೆಳೆತದ ಲೆಕ್ಕ. ಶೇಷ ಉಳಿದರೆ ಏನು ಮಾಡಬೇಕು. ಅತ್ತೆ ಅಂಗಿಯ ತೋಳಿಗೆ ಅಂಚು ಹೊಲಿಯುವುದನ್ನು ಹೇಳಿಕೊಟ್ಟದ್ದು. ಹಲ್ಲು ನೋವಿಗೆ ಡಾಕ್ಟರು ಹೇಳಿದ ಉಪಾಯ. ಕೆಟ್ಟದ್ದು ಒಂದೂ ಇರಲಿಲ್ಲ. ಆದರೆ ಕೆಟ್ಟದ್ದು ಇರಲಿಲ್ಲವೆಂಬುದು ಈಗ ಓದಿದ ಮೇಲೆ ಗೊತ್ತಾದದ್ದು. ಎರಡು ವರ್ಷ ಅವಳಿಗೆ ಗೊತ್ತಿರಲಿಲ್ಲ. ತೆರೆಯಾಚೆ ಕುಳಿತವರು ಯಾರೆಂದು ತಾನು ಅಳೆದವಳೇ ಅಲ್ಲ. ಸಿಟ್ಟು ಮೊದಲ ಬಾರಿಗೆ ಅವಳ ಕಡೆಗೇ ತಿರುಗಿತು.

ಆದರೆ ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದಳು. ಇಡೀ ಆಟದಲ್ಲಿ ಮಗು ಒಂದೇ. ಯಂತ್ರ ಮೂವತ್ತೇಳು ದೊಡ್ಡವರನ್ನು ಮಕ್ಕಳೆಂದಿತ್ತು. ಆ ಒಂದು ಮಗುವನ್ನು ಅರವತ್ತೊಂದು ವರ್ಷದ ಮುದುಕನೆಂದು ಬಿಟ್ಟಿತ್ತು. ಮೂವತ್ತೆಂಟು ತಪ್ಪು. ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಇಷ್ಟು ತಪ್ಪುತ್ತಿರಲಿಲ್ಲ.

ಪ್ರಮಾಣಪತ್ರ ಮೇಜಿನ ಮೇಲಿತ್ತು. ಒಬ್ಬರೂ ಇಲ್ಲ ಎಂದು ಸಹಿ ಹಾಕಿದರೆ ಕಟ್ಟೆ ಉಳಿಯುತ್ತದೆ. ಅಧಿಕಾರಿಯೇ ಹಾಕು ಎಂದಿದ್ದಾನೆ. ಅಕ್ಕ ಅದನ್ನು ಬದಿಗಿಟ್ಟು ಅರವತ್ತನಾಲ್ಕು ಪುಟದ ನಮೂನೆ ತೆಗೆದಳು. ತಾಣದಲ್ಲಿರುವ ಮಕ್ಕಳ ಸಂಖ್ಯೆ ಎಂಬಲ್ಲಿ ‘1’ ಎಂದು ಬರೆದಳು. ಇದ್ದದ್ದು ಒಂದು, ಬರೆಯಬೇಕಾದದ್ದೂ ಒಂದು. ಕೈಗೊಳ್ಳುವ ಕ್ರಮ ಎಂಬಲ್ಲಿ, ಯಾರ ಮುಖವನ್ನೂ ಕೇಳುವುದಿಲ್ಲ, ಮಾತಾಡುವ ಜಾಗವನ್ನೇ ತೆಗೆದುಹಾಕುತ್ತೇನೆ ಎಂದು ಬರೆದಳು. ನಮೂನೆ ಹಿಂದಿರುಗಿಸಿದಾಗ ಅಧಿಕಾರಿ ಆ ಒಂದನ್ನು ಬಹಳ ಹೊತ್ತು ನೋಡಿದ.

“ಸುಳ್ಳು ಹೇಳಿದ್ರೆ ಉಳೀತಿತ್ತು,” ಎಂದ.

“ಅದನ್ನ ನಿಮ್ಮ ಕಾನೂನಿನಲ್ಲಿ ಎಷ್ಟನೇ ಪುಟದಲ್ಲಿ ಬರೆದಿದ್ದೀರಿ?” ಎಂದು ಕೇಳಿ ಅಕ್ಕ ಮೆಟ್ಟಿಲಿಳಿದಳು.

ಕಟ್ಟೆ ತೆಗೆದುಹಾಕುವ ದಿನ ಎಲ್ಲರೂ ಬಂದಿದ್ದರು. ಯಾರೂ ಹೆಚ್ಚು ಬರೆಯಲಿಲ್ಲ. ಅತ್ತೆ ಬೆಳಿಗ್ಗೆಯಿಂದ ಒಂದು ಸಾಲು ಒತ್ತುತ್ತಿದ್ದಳು. ಹನ್ನೆರಡು ಗಂಟೆಗೆ ಗಡುವು. ಹನ್ನೆರಡು ಹೊಡೆಯಿತು, ಅತ್ತೆಯ ಸಾಲು ಇನ್ನೂ ಮುಗಿದಿರಲಿಲ್ಲ. ಅಕ್ಕ ಹನ್ನೆರಡು ದಾಟಿ ಏಳು ನಿಮಿಷ ಕಾದಳು. ಅಜ್ಜನಿಗೆ, ನೀನು ಚಿಕ್ಕವನಾದರೂ ದೊಡ್ಡವನೇ, ಎಂದಿತ್ತು ಆ ಸಾಲು. ಅಕ್ಕ ಏನೂ ಹೇಳಿರಲಿಲ್ಲ. ಅತ್ತೆಗೆ ಯಾವಾಗ ಗೊತ್ತಾಗಿತ್ತೋ.

ಆಮೇಲೆ ತೆರೆಯ ಮೂಲೆ ಬರಿದಾಯಿತು. ದೋಣಿಗಳು ಓಡಾಡಿದವು, ಮಾತಿಲ್ಲ. ಅತ್ತೆ ದಿನವೂ ಬಂದು ಕೂರುತ್ತಿದ್ದಳು, ಹುಟ್ಟು ಹಿಡಿಯುತ್ತಿರಲಿಲ್ಲ. ಮಗ್ಗುಲ ಮನೆಯವಳು ಬಂದು, ಮುಗಿಸಬಾರದ ವಾಕ್ಯಗಳನ್ನೆಲ್ಲ ಮುಗಿಸಿ ಹೋಗುತ್ತಿದ್ದಳು. ಒಂದು ದಿನ ಅವಳು ಅತ್ತೆಯ ತಟ್ಟೆಗೆ ಬೇಡದ್ದನ್ನು ಬಡಿಸಿ, ಇದೇ ಅಲ್ಲವೇ ನೀವು ಕೇಳಿದ್ದು ಎಂದಾಗ, ಅತ್ತೆ ಎಡಗೈಯಿಂದ ತಟ್ಟೆಯನ್ನು ನೆಲಕ್ಕೆ ತಳ್ಳಿದಳು. ಲಕ್ವ ಹೊಡೆದ ಮೇಲೆ ಅವಳು ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ. ಅಕ್ಕ ಚೂರುಗಳನ್ನು ಆರಿಸಿದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಒಳಕೋಣೆಯಿಂದ ಒಂದು ಸದ್ದು ಕೇಳಿಸಿತು. ಅಕ್ಕ ಗಾಜನ್ನು ಸಾಣೆಯ ಮೇಲೆಯೇ ಬಿಟ್ಟು ಓಡಿದಳು. ಅತ್ತೆ ನಗುತ್ತಿದ್ದಳು, ಒಂದು ಕೆನ್ನೆ ಏಳುತ್ತಿತ್ತು. ತೆರೆಯ ಮೇಲೆ ಅರವತ್ತೆರಡು ವರ್ಷದ ದೋಣಿ ನಾಲ್ಕು ವರ್ಷದ ದೋಣಿಯ ಸುತ್ತ ಮೂರು ಬಾರಿ ತಿರುಗಿತು. ನಿಂತಿತು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ಅತ್ತೆ ಒಂದೇ ಬೆರಳಿನಿಂದ ತನ್ನ ದೋಣಿಯನ್ನು ಬಲಕ್ಕೆ ಒಂದು, ಎಡಕ್ಕೆ ಎರಡು ಸರಿಸಿದಳು. ದೂರದಲ್ಲಿ ಒಂಬತ್ತು ವರ್ಷದ ದೋಣಿ ತನ್ನಷ್ಟಕ್ಕೇ ಗಿರಗಿರನೆ ಸುತ್ತತೊಡಗಿತು. ಅತ್ತೆ ಅದರ ಕಡೆ ಬೆರಳು ತೋರಿಸಿದಳು.

“ಮೂ… ಲಂಗಿ,” ಎಂದಳು.

ಅದೇ ವಾರ ಇಲಾಖೆಯಿಂದ ತಿಂಗಳ ವರದಿಯ ನಮೂನೆ ಬಂತು. ಇದು ಚಿಕ್ಕದು, ಒಂದೇ ಪುಟ. ಕೊನೆಯ ಪ್ರಶ್ನೆ: ಬಳಕೆದಾರರು ಒಬ್ಬರಿಗೊಬ್ಬರು ಯಾವುದೇ ರೀತಿಯಲ್ಲಿ ಅರ್ಥ ತಿಳಿಸಲು ತಾಣದಲ್ಲಿ ಅವಕಾಶವಿದೆಯೇ? ಇದೆ ಎಂದರೆ ಅಂಥ ಅವಕಾಶವನ್ನು ಏಳು ದಿನದೊಳಗೆ ತೆಗೆಯತಕ್ಕದ್ದು.

ಅಕ್ಕ ಪ್ರಶ್ನೆಯನ್ನು ಎರಡು ಸಲ ಓದಿದಳು. ಯಾವುದೇ ರೀತಿಯಲ್ಲಿ ಎಂಬುದರ ಕೆಳಗೆ ಬೆರಳಿಟ್ಟಳು. ಒಳಗಡೆ ಕೀಲಿಮಣೆಯ ಸದ್ದು ಕೇಳಿಸುತ್ತಿತ್ತು; ಒಂದು, ನಿಲುಗಡೆ, ಎರಡು. ಗಿರಾಕಿಯೊಬ್ಬ ಎತ್ತರದ ಕುರ್ಚಿಯಲ್ಲಿ ಕಾಯುತ್ತಿದ್ದ. ಅವನ ಅಳತೆ ಐವತ್ತೊಂಬತ್ತೂವರೆ ಎಂದು ಈಗಷ್ಟೇ ಬರೆದುಕೊಂಡಿದ್ದಳು. ಅದೇ ಲೇಖನಿಯಿಂದ, ಕೆಳಗಿನ ಕಾಗದಕ್ಕೂ ಅಚ್ಚು ಬೀಳುವಷ್ಟು ಒತ್ತಿ, ‘ಇಲ್ಲ’ ಎಂದು ಬರೆದಳು.

ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಬರೆದ ಮೊದಲ ತಪ್ಪು ಅಳತೆ ಅದು. ಬರೆಸಿಕೊಂಡವರು ಅದನ್ನು ಸರಿಯೆಂದು ಮುದ್ರೆ ಒತ್ತಿ ಕಳಿಸಿದರು.